ಮಕ್ಕಳಿಗೆ ಕಥೆ ಬರೆಯಲು ಕಲಿಸುವುದು: ಬಾಯಿಂದ ಹಾಳೆಯವರೆಗೆ, ಹಂತ ಹಂತವಾಗಿ

“ಬಾಯಲ್ಲಿ ಹೇಳು ಅಂದರೆ ನಿಲ್ಲಿಸುವುದೇ ಇಲ್ಲ, ಬರಿ ಅಂದರೆ ಎರಡು ಸಾಲಿಗೆ ‘ಆಯ್ತು’ ಅನ್ನುತ್ತಾಳೆ. ಏನು ಮಾಡಬೇಕು?” ಒಂದರಿಂದ ಐದನೇ ತರಗತಿಯವರೆಗೆ ಕಲಿಸುವ ಶಿಕ್ಷಕರೂ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರೆಸುವ ತಂದೆತಾಯಂದಿರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಗುವಿಗೆ ಕಲ್ಪನೆ ಸಾಲದು ಎಂದುಕೊಳ್ಳಬೇಡಿ. ಕಥೆ ಇದೆ, ಬಾಯಿಂದ ಹಾಳೆಗೆ ಬರುವ ದಾರಿಯಲ್ಲಿ ಸೋರಿಹೋಗುತ್ತಿದೆ.

ಸೋರುವುದಕ್ಕೆ ಕಾರಣವಿದೆ. ಏಳು ವರ್ಷದ ಮಗು ಬರೆಯಲು ಕೂತರೆ ನಾಲ್ಕು ಕೆಲಸ ಒಟ್ಟಿಗೆ ಮೈಮೇಲೆ ಬೀಳುತ್ತವೆ: ಏನು ಹೇಳಬೇಕೆಂದು ಯೋಚಿಸುವುದು, ಯಾವುದು ಮೊದಲು ಯಾವುದು ನಂತರ ಎಂದು ಜೋಡಿಸುವುದು, ಕಾಗುಣಿತ–ಒತ್ತಕ್ಷರ ನೆನಪಿಸಿಕೊಳ್ಳುವುದು, ಪೆನ್ಸಿಲ್ ಹಿಡಿದು ಅಕ್ಷರ ಮೂಡಿಸುವುದು. ದೊಡ್ಡವರಿಗೆ ಕೊನೆಯ ಎರಡು ತಾವಾಗಿಯೇ ಆಗಿಬಿಡುತ್ತವೆ, ಮಗುವಿಗೆ ಆಗುವುದಿಲ್ಲ. ‘ಇದ್ದಕ್ಕಿದ್ದಂತೆ’ ಎಂಬ ಒಂದೇ ಪದವನ್ನು ಬರೆದು ಮುಗಿಸುವಷ್ಟರಲ್ಲಿ ಮುಂದಿನ ವಾಕ್ಯ ಮರೆತಿರುತ್ತದೆ. ಕೆಳಗಿನ ಹಂತಗಳೆಲ್ಲ ಈ ನಾಲ್ಕು ಕೆಲಸಗಳನ್ನು ಬಿಡಿಸಿ, ಒಂದೊಂದನ್ನು ಒಂದೊಂದು ದಿನ ಮಾಡಿಸುವ ಉಪಾಯಗಳು.

‘ಕಥನ ಬರವಣಿಗೆ’ ಎಂಬ ಮಾತಿನ ಅರ್ಥವನ್ನೂ ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ಯಾರಿಗೋ ಏನೋ ಬೇಕಾಗುತ್ತದೆ, ಅದಕ್ಕೆ ಅಡ್ಡಿ ಬರುತ್ತದೆ, ಅವರು ಏನಾದರೂ ಮಾಡಿ ನೋಡುತ್ತಾರೆ, ಕೊನೆಗೆ ಏನೋ ಬದಲಾಗುತ್ತದೆ. ಇದನ್ನು ಕ್ರಮವಾಗಿ ಹೇಳುವುದೇ ಕಥನ. ನಿಜವಾಗಿ ನಡೆದದ್ದೂ ಆಗಬಹುದು, ಕಟ್ಟಿದ್ದೂ ಆಗಬಹುದು. ‘ನನ್ನ ಶಾಲೆ’, ‘ಸಾಕುನಾಯಿ’ ಎಂಬಂಥ ಪ್ರಬಂಧಗಳು ಬೇರೆ. ಅಲ್ಲಿ ವಿವರವಿರುತ್ತದೆ, ಘಟನೆ ಇರುವುದಿಲ್ಲ. “ನಾಯಿಯ ಬಗ್ಗೆ ಕಥೆ ಬರಿ” ಅಂದರೆ “ನಾಯಿಗೆ ನಾಲ್ಕು ಕಾಲುಗಳಿವೆ” ಎಂದು ಶುರುವಾದರೆ ಮಗುವಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಟ್ಟಿಲ್ಲ ಎಂದರ್ಥ.

ಬೇಕಾಗುವ ಸಾಮಗ್ರಿ

ಆರರಿಂದ ಎಂಟು ವರ್ಷದವರಿಗೆ ಮೇಲಿನ ಅರ್ಧ ಖಾಲಿ, ಕೆಳಗಿನ ಅರ್ಧ ಗೆರೆ ಇರುವ ಹಾಳೆ. ಅದಕ್ಕಿಂತ ದೊಡ್ಡವರಿಗೆ ಗೆರೆ ಹಾಳೆ, ಆದರೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಯಬೇಕು. ಬಿಟ್ಟ ಸಾಲುಗಳು 6ನೇ ಹಂತದಲ್ಲಿ ಬೇಕಾಗುತ್ತವೆ. ಒಂದು ಪೆನ್ಸಿಲ್, ಬೇರೆ ಬಣ್ಣದ ಇನ್ನೊಂದು ಪೆನ್ಸಿಲ್, ಅರೆಬರೆ ಹಾಳೆಗಳನ್ನು ಇಡಲು ಒಂದು ಫೈಲು. ನೀವು ಬರೆದು ತೋರಿಸಲು ಬೋರ್ಡು ಅಥವಾ ದೊಡ್ಡ ಹಾಳೆ.

ರಬ್ಬರ್ ಬೇಡ. ಅದು ಕೈಗೆ ಸಿಕ್ಕರೆ ಮಗು ಮೊದಲ ಸಾಲನ್ನೇ ನಾಲ್ಕು ಸಲ ಅಳಿಸಿ ಬರೆದು ಅವಧಿ ಮುಗಿಸುತ್ತದೆ. ತಪ್ಪಾದ ಪದಕ್ಕೆ ಒಂದು ಗೆರೆ ಎಳೆದು ಮುಂದೆ ಹೋಗಲಿ. ಹೊಡೆದುಹಾಕಿದ ಪದಗಳನ್ನು ನೋಡಿದರೆ ಮಗು ಹೇಗೆ ಯೋಚಿಸಿತು ಎಂಬುದು ನಿಮಗೂ ಕಾಣುತ್ತದೆ.

ಒಂದು ಕಥೆಗೆ 30–40 ನಿಮಿಷದ ಐದಾರು ಅವಧಿ ಇಟ್ಟುಕೊಳ್ಳಿ. ಪ್ರತಿ ಅವಧಿಯಲ್ಲಿ ನಿಮ್ಮ ಪಾಠ 8–10 ನಿಮಿಷ ಮೀರಬಾರದು. 15–20 ನಿಮಿಷ ಮಕ್ಕಳ ಕೆಲಸ, ಉಳಿದದ್ದು ಓದಿ ಕೇಳಿಸಲು.

1. ಮೊದಲು ಹೇಳಿಸಿ

ಮೊದಲ ದಿನ ಯಾರೂ ಪೆನ್ಸಿಲ್ ಮುಟ್ಟುವುದಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಎರಡು ನಿಮಿಷ ತಮಗೆ ಆದ ಒಂದು ಸಂಗತಿ ಹೇಳಬೇಕು. ಕೇಳುವವರು ಒಂದೇ ಪ್ರಶ್ನೆ ಕೇಳಬೇಕು. ನಂತರ ಜೋಡಿ ಬದಲಿಸಿ ಅದೇ ಕಥೆಯನ್ನು ಇನ್ನೊಬ್ಬರಿಗೆ ಹೇಳಿಸಿ. ಎರಡನೇ ಸಲ ಹೇಳುವಾಗ ಮೊದಲ ಕೇಳುಗರ ಪ್ರಶ್ನೆಗೆ ಉತ್ತರ ತಾನಾಗಿ ಕಥೆಯೊಳಗೆ ಸೇರಿಕೊಳ್ಳುತ್ತದೆ. ಹೇಳಿಸುವುದರ ದೊಡ್ಡ ಲಾಭವೇ ಅದು. ಮನೆಯಲ್ಲಾದರೆ ಒಂದು ಸಲ ನಿಮಗೆ, ಇನ್ನೊಂದು ಸಲ ಮನೆಯ ಬೇರೊಬ್ಬರಿಗೆ ಹೇಳಲಿ.

ಎಡವುವುದು ಎಲ್ಲಿ: ಮಗು ತಡವರಿಸಿದ ಕೂಡಲೇ ದೊಡ್ಡವರು ವಾಕ್ಯ ಪೂರ್ತಿ ಮಾಡಿಕೊಡುತ್ತಾರೆ. ಆಗ ಕಥೆ ಮಗುವಿನದಾಗಿ ಉಳಿಯುವುದಿಲ್ಲ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಕಾಯಿರಿ. ಆಮೇಲೂ ಮಾತು ಬಾರದಿದ್ದರೆ “ಆಗ ನೀನು ಎಲ್ಲಿ ನಿಂತಿದ್ದೆ?” ಎಂದು ಕೇಳಿ. ಜಾಗ ಕಣ್ಣ ಮುಂದೆ ಬಂದರೆ ಉಳಿದದ್ದೂ ಬರುತ್ತದೆ.

2. ಘಟನೆಯನ್ನು ಚಿಕ್ಕದು ಮಾಡಿ

‘ನಮ್ಮ ಪ್ರವಾಸ’ ಎಂಬ ವಿಷಯ ಕೊಟ್ಟರೆ ಎದ್ದೆವು, ಹೋದೆವು, ನೋಡಿದೆವು, ತಿಂದೆವು, ಬಂದೆವು ಎಂಬ ಪಟ್ಟಿ ಬರುತ್ತದೆ. ಅದು ಮಗುವಿನ ತಪ್ಪಲ್ಲ. ಇಡೀ ದಿನವನ್ನು ಎಂಟು ಸಾಲಿಗೆ ತುರುಕಲು ಹೋದರೆ ಯಾರು ಬರೆದರೂ ಪಟ್ಟಿಯೇ ಆಗುತ್ತದೆ. ಹತ್ತು ನಿಮಿಷದೊಳಗೆ ಆಗಿಹೋದ ಒಂದು ಸಂಗತಿಯನ್ನು ಆರಿಸಿಕೊಳ್ಳಲು ಹೇಳಿ: ಗಾಳಿಗೆ ಛತ್ರಿ ತಿರುವುಮುರುವಾದದ್ದು, ಅಲ್ಲಾಡುತ್ತಿದ್ದ ಹಲ್ಲು ಬಿದ್ದದ್ದು, ಬಚ್ಚಲುಮನೆಯ ಚಿಲಕ ಸಿಕ್ಕಿಕೊಂಡು ಒಳಗೇ ಉಳಿದದ್ದು.

ಪರೀಕ್ಷಿಸುವುದು ಸುಲಭ. “ಇದನ್ನು ಒಂದೇ ಜಾಗದಲ್ಲಿ ನಿಂತು ನಾಟಕ ಮಾಡಿ ತೋರಿಸಬಹುದಾ?” ಎಂದು ಕೇಳಿ. ಆಗುತ್ತದೆ ಎಂದರೆ ಅಳತೆ ಸರಿಯಿದೆ.

3. ಐದು ಚೌಕದಲ್ಲಿ ಚಿತ್ರ

ಹಾಳೆಯಲ್ಲಿ ಐದು ಚೌಕ ಹಾಕಿಸಿ. ಒಂದೊಂದಕ್ಕೆ ಒಂದೊಂದು ಪ್ರಶ್ನೆ:

ಒಂದು, ಯಾರು, ಎಲ್ಲಿ?
ಎರಡು, ಅವರಿಗೆ ಏನು ಬೇಕಿತ್ತು?
ಮೂರು, ಏನು ಅಡ್ಡ ಬಂತು?
ನಾಲ್ಕು, ಏನೇನು ಮಾಡಿ ನೋಡಿದರು?
ಐದು, ಕೊನೆಗೆ ಏನಾಯಿತು, ಏನು ಬದಲಾಯಿತು?

ಆರೇಳು ವರ್ಷದವರಿಗೆ ಮೂರೇ ಚೌಕ ಸಾಕು: ಶುರುವಿನಲ್ಲಿ, ತೊಂದರೆ, ಕೊನೆಯಲ್ಲಿ. ಕಡ್ಡಿಮನುಷ್ಯರ ಚಿತ್ರ ಸಾಕು, ಬಣ್ಣ ತುಂಬುವುದು ಬೇಡ. ಬಣ್ಣಕ್ಕೆ ಕೈಹಾಕಿದರೆ ಅವಧಿ ಅಲ್ಲಿಗೇ ಮುಗಿಯಿತು. ಪ್ರತಿ ಚೌಕದ ಕೆಳಗೆ ಒಂದೋ ಎರಡೋ ಪದ ಬರೆದುಕೊಳ್ಳಲಿ, ಪೂರ್ತಿ ವಾಕ್ಯ ಬೇಡ.

ಎರಡನೇ ಚೌಕವನ್ನು ಮಕ್ಕಳು ಸಾಮಾನ್ಯವಾಗಿ ಖಾಲಿ ಬಿಡುತ್ತಾರೆ. ಅದು ಖಾಲಿಯಿದ್ದರೆ ಮೂರನೆಯದಕ್ಕೆ ಬಲವಿರುವುದಿಲ್ಲ: ಏನೂ ಬೇಡದವನಿಗೆ ಯಾವುದು ಅಡ್ಡಿ? ಚಿಲಕದ ಕಥೆಯಲ್ಲಿ “ಹೊರಗೆ ಬರಬೇಕು” ಎಂಬುದಕ್ಕಿಂತ “ಎಲ್ಲರೂ ಆಟಕ್ಕೆ ಹೊರಟಿದ್ದಾರೆ, ಬೇಗ ಹೊರಗೆ ಬರಬೇಕು” ಎಂಬುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ನಾಲ್ಕನೇ ಚೌಕದಲ್ಲೂ ಗಮನವಿರಲಿ. ಮೊದಲ ಪ್ರಯತ್ನದಲ್ಲೇ ಎಲ್ಲ ಸರಿಹೋದರೆ ಕಥೆ ಅಲ್ಲೇ ಕುಸಿಯುತ್ತದೆ. ಕನಿಷ್ಠ ಒಂದು ಪ್ರಯತ್ನ ಸೋಲಬೇಕು. ತೊಂದರೆಯಿಂದ ಪಾರುಮಾಡುವವರು ದೊಡ್ಡವರೇ ಆದರೂ ಮಗು ಏನಾದರೂ ಮಾಡಿರಬೇಕು. ಸುಮ್ಮನೆ ಕೂತವರ ಕಥೆಗೆ ಓದುಗರು ಕಾಯುವುದಿಲ್ಲ.

4. ಅವರ ಎದುರಿಗೆ ನೀವು ಬರೆಯಿರಿ

ಸಿದ್ಧ ಕಥೆಯನ್ನು ಓದಿ ತೋರಿಸುವುದಕ್ಕೂ ಕಣ್ಣೆದುರು ಬರೆದು ತೋರಿಸುವುದಕ್ಕೂ ತುಂಬ ಅಂತರವಿದೆ. ಮುಗಿದ ಕಥೆ ನೋಡಿದ ಮಗುವಿಗೆ ಅದು ಹೇಗೆ ಆಯಿತೆಂದು ತಿಳಿಯುವುದಿಲ್ಲ. ಬೋರ್ಡಿನ ಮೇಲೆ ಐದಾರು ವಾಕ್ಯ ಬರೆಯಿರಿ, ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತಾ: “ಇಲ್ಲಿ ‘ಹೋದೆ’ ಅಂತ ಬರೆದೆ. ಓಡಿದ್ದೆ ಅಲ್ಲವಾ? ಹಾಗಾದರೆ ಇದನ್ನು ಹೊಡೆದುಹಾಕುತ್ತೇನೆ.” ನೀವೂ ಹೊಡೆದುಹಾಕುತ್ತೀರಿ ಎಂಬುದನ್ನು ಮಕ್ಕಳು ನೋಡಲೇಬೇಕು.

ಮರುದಿನ ಎಲ್ಲರೂ ಸೇರಿ ಒಂದು ಕಥೆ ಕಟ್ಟಿ. ಹೇಳುವವರು ಅವರು, ಬರೆಯುವವರು ನೀವು. ಮೂರನೆಯ ದಿನ ಅವರವರ ಕಥೆ. ಬರೆಯುವಾಗ ನಿಮ್ಮ ಮಾದರಿಯನ್ನು ಒರೆಸಿಬಿಡಿ, ಇಲ್ಲವಾದರೆ ಮೂವತ್ತು ಮಕ್ಕಳೂ ನಿಮ್ಮ ಕಥೆಯನ್ನೇ ಹೆಸರು ಬದಲಿಸಿ ಬರೆದುಕೊಡುತ್ತಾರೆ. ‘ಈ ಪದಗಳನ್ನು ಬಳಸಿ ಕಥೆ ಬರೆಯಿರಿ’ ಎಂದು ಹತ್ತು ಪದ ಕೊಟ್ಟಾಗ ಆಗುವುದೂ ಇದೇ. ಅದು ಪದಾಭ್ಯಾಸಕ್ಕೆ ಒಳ್ಳೆಯದು, ಕಥನಕ್ಕೆ ಅಲ್ಲ.

5. ಮೊದಲ ಕರಡು

ಕರಡು ಎಂದರೆ ಮುಂದೆ ತಿದ್ದಲೆಂದೇ ಬರೆಯುವ ಮೊದಲ ಪ್ರತಿ. ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿಬಿಡಿ. ಚಿತ್ರದ ಚೌಕ ಪಕ್ಕದಲ್ಲಿರಲಿ. ಪ್ರತಿ ವಾಕ್ಯವನ್ನು ಮೊದಲು ಪಿಸುಮಾತಿನಲ್ಲಿ ಹೇಳಿಕೊಂಡು ಆಮೇಲೆ ಬರೆಯಲಿ.

ಕಾಗುಣಿತ ಗೊತ್ತಿಲ್ಲದ ಪದ ಬಂದರೆ ಕೇಳಿಸಿದಂತೆ ಬರೆದು ಕೆಳಗೆ ಒಂದು ಗೆರೆ ಎಳೆಯಲಿ. ಪ್ರತಿ ಪದಕ್ಕೂ ಕೈಯೆತ್ತಿ ಕೇಳುತ್ತಾ ಕೂತರೆ ಕಥೆ ಮುರಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ತಪ್ಪಾದೀತೆಂಬ ಭಯಕ್ಕೆ ಮಗು ತನಗೆ ಬರೆಯಲು ಬರುವ ಪದಗಳನ್ನಷ್ಟೇ ಬಳಸತೊಡಗುತ್ತದೆ. ‘ತತ್ತರಿಸಿದೆ’ ಎಂದು ಬಾಯಲ್ಲಿ ಹೇಳಿದವಳು ‘ಭಯ ಆಯಿತು’ ಎಂದು ಬರೆದು ಸುಮ್ಮನಾಗುತ್ತಾಳೆ. ಆಡುಮಾತಿನ ರೂಪಗಳನ್ನೂ ಈಗ ಬಿಟ್ಟುಬಿಡಿ. ‘ಹೋದ್ವಿ’, ‘ಮಾಡ್ದ’ ಎಂದು ಬರೆದರೆ ಬರೆಯಲಿ.

6. ಒಂದೇ ಜಾಗವನ್ನು ಹಿಗ್ಗಿಸಿ

ಬರಹ ಬೆಳೆಯುವುದು ಇಲ್ಲಿ, ಆದ್ದರಿಂದ ಇದಕ್ಕೆ ಎರಡು ಅವಧಿ ಕೊಟ್ಟರೂ ತಪ್ಪಿಲ್ಲ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ನಾನು ಬಚ್ಚಲುಮನೆಗೆ ಹೋದೆ. ಆಮೇಲೆ ಚಿಲಕ ಹಾಕಿದೆ. ಆಮೇಲೆ ತೆಗೆಯೋಕೆ ಬರಲಿಲ್ಲ. ಆಮೇಲೆ ಅಳು ಬಂತು. ಆಮೇಲೆ ಅಪ್ಪ ಬಾಗಿಲು ತೆಗೆಸಿದರು. ನನಗೆ ತುಂಬಾ ಖುಷಿಯಾಯಿತು.”

“ಇನ್ನೂ ವಿವರವಾಗಿ ಬರಿ” ಎಂಬ ಸೂಚನೆಯಿಂದ ಉಪಯೋಗವಿಲ್ಲ. ಮಗು ಎಲ್ಲ ಕಡೆಗೂ ‘ತುಂಬಾ’ ಸೇರಿಸಿ ತಂದುಕೊಡುತ್ತದೆ. ಬದಲು, ಕಥೆಯಲ್ಲಿ ಎದೆ ಹೆಚ್ಚು ಬಡಿದುಕೊಂಡ ಒಂದು ವಾಕ್ಯಕ್ಕೆ ಬಣ್ಣದ ಪೆನ್ಸಿಲಿನಿಂದ ನಕ್ಷತ್ರ ಹಾಕಿಸಿ. ಇಲ್ಲಿ ಅದು “ತೆಗೆಯೋಕೆ ಬರಲಿಲ್ಲ”. ಈಗ ಆ ವಾಕ್ಯಕ್ಕೆ ಮಾತ್ರ ನಾಲ್ಕು ಪ್ರಶ್ನೆ: ಕೈ ಏನು ಮಾಡಿತು? ಏನು ಕೇಳಿಸಿತು? ಬಾಯಿಂದ ಏನು ಬಂತು? ಮೈಗೆ ಏನನ್ನಿಸಿತು? ಉತ್ತರಗಳನ್ನು ಬಿಟ್ಟ ಸಾಲುಗಳಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆಯಲಿ:

“ಚಿಲಕ ಎಳೆದೆ. ಅಲ್ಲಾಡಲಿಲ್ಲ. ಎರಡೂ ಕೈಯಿಂದ ಎಳೆದೆ. ಕೈ ಒದ್ದೆಯಾಗಿತ್ತು, ಜಾರಿತು. ‘ಅಪ್ಪಾ!’ ಎಂದು ಕೂಗಿದೆ. ನಲ್ಲಿ ಜೋರಾಗಿ ಬಿಟ್ಟಿದ್ದೆ, ಯಾರಿಗೂ ಕೇಳಿಸಲಿಲ್ಲ.”

ಗಮನಿಸಿ: ‘ಹೆದರಿಕೆ’ ಎಂಬ ಪದವೇ ಇಲ್ಲ, ಹೆದರಿಕೆ ಮಾತ್ರ ಇದೆ. ಜೊತೆಗೆ ಕಥೆಗೆ ಬೇಕಾದ ಕಾರಣವೂ ಸಿಕ್ಕಿತು. ನಲ್ಲಿಯ ಸದ್ದಿನಿಂದ ಯಾರಿಗೂ ಕೇಳಿಸಲಿಲ್ಲ ಎಂದಾದರೆ ಮುಂದೆ ಮಗು ಮಾಡಬೇಕಾದ ಕೆಲಸವೂ ಹೊಳೆಯುತ್ತದೆ: ನಲ್ಲಿ ನಿಲ್ಲಿಸಿ ಮತ್ತೆ ಕೂಗುವುದು.

ಇಡೀ ಕಥೆಯನ್ನು ಹೀಗೆ ಹಿಗ್ಗಿಸಬೇಡಿ. ಬಚ್ಚಲುಮನೆಗೆ ನಡೆದುಹೋದದ್ದಕ್ಕೂ ಐದು ವಾಕ್ಯ ಖರ್ಚಾದರೆ ತೊಂದರೆಯ ಗಳಿಗೆ ಎದ್ದು ಕಾಣುವುದಿಲ್ಲ. ಒಂದು ಕಥೆಗೆ ಒಂದು ನಕ್ಷತ್ರ.

7. ‘ಆಮೇಲೆ’ಯ ಸರಪಳಿ, ಕ್ರಿಯಾಪದದ ಕೊನೆ

‘ಆಮೇಲೆ’ ತಪ್ಪು ಪದವಲ್ಲ. ಮುಂದಿನ ವಾಕ್ಯ ಹುಡುಕಿಕೊಳ್ಳಲು ಮಗು ಅದರ ಮೇಲೆ ಕಾಲೂರುತ್ತದೆ, ಆದ್ದರಿಂದ ಕರಡಿನಲ್ಲಿ ಇರಲಿ. ತಿದ್ದುವಾಗ ಎಲ್ಲ ‘ಆಮೇಲೆ’ಗಳಿಗೂ ಸುತ್ತು ಹಾಕಿಸಿ, ಒಂದನ್ನು ಉಳಿಸಿಕೊಂಡು ಬೇರೆಯವನ್ನು ಬಿಡಿಸಿ. ಕನ್ನಡದಲ್ಲಿ ಇದಕ್ಕೆ ಸೊಗಸಾದ ದಾರಿಯೇ ಇದೆ: “ನಾನು ಎದ್ದೆ. ಆಮೇಲೆ ನಲ್ಲಿ ನಿಲ್ಲಿಸಿದೆ. ಆಮೇಲೆ ಕೂಗಿದೆ” ಎಂಬುದು “ನಾನು ಎದ್ದು, ನಲ್ಲಿ ನಿಲ್ಲಿಸಿ, ಮತ್ತೆ ಕೂಗಿದೆ” ಎಂದಾಗುತ್ತದೆ. ‘ಎದ್ದು’, ‘ನಿಲ್ಲಿಸಿ’ ಎಂಬ ಈ ರೂಪಗಳನ್ನು ವ್ಯಾಕರಣದಲ್ಲಿ ಕೃದಂತಾವ್ಯಯ ಎನ್ನುತ್ತಾರೆ. ಮಗುವಿಗೆ ಹೆಸರು ಬೇಡ, ‘ಜೋಡಿಸುವ ಪದ’ ಅಂದರೆ ಸಾಕು.

ಎರಡು ಎಚ್ಚರಿಕೆ. ಒಂದು ವಾಕ್ಯದಲ್ಲಿ ಇಂಥವು ಎರಡೇ ಇರಲಿ, ಹೆಚ್ಚಾದರೆ ಉಸಿರು ಕಟ್ಟುತ್ತದೆ. ಮಾಡುವವರು ಒಬ್ಬರೇ ಆಗಿರಬೇಕು: “ನಾನು ಕೂಗಿ ಅಪ್ಪ ಬಂದರು” ಸರಿಯಾಗುವುದಿಲ್ಲ, “ನಾನು ಕೂಗಿದಾಗ ಅಪ್ಪ ಬಂದರು” ಎನ್ನಬೇಕು. ಜೊತೆಗೆ ‘ಅಷ್ಟರಲ್ಲಿ’, ‘ಇದ್ದಕ್ಕಿದ್ದಂತೆ’, ‘ಕೊನೆಗೂ’ ಎಂಬ ಮೂರು ಪದಗಳನ್ನು ಗೋಡೆಯ ಮೇಲೆ ಅಂಟಿಸಿಡಿ. ಇಪ್ಪತ್ತು ಪದಗಳ ಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೆರಡು ತಪ್ಪು ಪದೇ ಪದೇ ಬರುತ್ತವೆ. ‘ಎಳೆದೆ’ ಎಂದು ಶುರುವಾಗಿ ನಡುವೆ ‘ಎಳೆಯುತ್ತೇನೆ’ ಎಂದು ಕಾಲ ಬದಲಾಗುವುದು ಒಂದು; ‘ನಾನು’ ಎಂದು ಶುರುವಾದ ಕಥೆ ‘ಅವನು’ ಆಗಿಬಿಡುವುದು ಇನ್ನೊಂದು. ಎರಡಕ್ಕೂ ಒಂದೇ ಪರೀಕ್ಷೆ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆದು, ಅವನ್ನಷ್ಟೇ ಮೇಲಿನಿಂದ ಕೆಳಗೆ ಓದಿಸಿ. ಕನ್ನಡದ ಕ್ರಿಯಾಪದದ ಕೊನೆಯಲ್ಲಿ ಕಾಲವೂ ಇರುತ್ತದೆ, ಯಾರು ಎಂಬುದೂ ಇರುತ್ತದೆ: ಓಡಿದೆ, ಓಡಿದ, ಓಡಿದಳು, ಓಡಿತು. ಸಾಲಾಗಿ ಓದಿದಾಗ ಹೊಂದದ್ದು ಮಗುವಿನ ಕಿವಿಗೇ ತಾಗುತ್ತದೆ. ಮಾತು ಕಟ್ಟುವಾಗ ಕೆಲವರು ಬೇಕೆಂದೇ “ನೋಡ್ತೀನಿ, ಯಾರೂ ಇಲ್ಲ!” ಎನ್ನುವುದುಂಟು, ಅದು ಪಳಗಿದವರ ಚಮತ್ಕಾರ. ಕಲಿಯುವವರು ಭೂತಕಾಲದಲ್ಲೇ ಹೇಳಲಿ.

ಸಂಭಾಷಣೆಗೆ ನಿಯಮ ಸರಳ: ಬಾಯಿಂದ ನಿಜವಾಗಿ ಬಂದದ್ದು ಉದ್ಧರಣ ಚಿಹ್ನೆಯ ಒಳಗೆ, ‘ಎಂದು’, ‘ಎಂದರು’ ಹೊರಗೆ. ಒಳಗಿನ ಮಾತು ಆಡುಭಾಷೆಯಲ್ಲೇ ಇರಲಿ. “ಬಾಗಿಲನ್ನ ನಿನ್ ಕಡೆ ಎಳ್ಕೊಂಡು ಚಿಲಕ ಸರಿಸು” ಎಂದು ಅಪ್ಪ ಹೇಳಿದ್ದನ್ನು ಗ್ರಾಂಥಿಕ ಮಾಡಿದರೆ ಅಪ್ಪನ ದನಿಯೇ ಹೋಗುತ್ತದೆ. ಕಥೆಗೆ ಎರಡು ಮೂರು ಮಾತು ಸಾಕು.

8. ಮೊದಲ ಸಾಲು, ಕೊನೆಯ ಸಾಲು

ಇವನ್ನು ಕೊನೆಗೆ ನೋಡಿಕೊಳ್ಳುವುದೇ ಒಳ್ಳೆಯದು. ಕಥೆ ಏನೆಂದು ಗೊತ್ತಾಗುವ ಮೊದಲೇ ಒಳ್ಳೆಯ ಆರಂಭ ಹುಡುಕಿದರೆ ಮಗು ಅಲ್ಲೇ ಕೂತುಬಿಡುತ್ತದೆ. “ಒಂದು ದಿನ” ಎಂದು ಬರೆದಿದ್ದರೆ ಮೂರು ಬೇರೆ ಆರಂಭ ಬರೆಸಿ ನೋಡಿ: ಒಂದು ಸದ್ದಿನಿಂದ, ಒಂದು ಮಾತಿನಿಂದ, ಒಂದು ಕೆಲಸದಿಂದ. ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಮಗುವಿನ ಆಯ್ಕೆ. “ಒಂದು ದಿನ”ವೇ ಬೇಕೆಂದರೂ ಸರಿ.

ಮುಕ್ತಾಯದಲ್ಲಿ ಎಡವಿ ಬೀಳುವ ಮೂರು ಗುಂಡಿಗಳಿವೆ: “ಅಷ್ಟರಲ್ಲಿ ನನಗೆ ಎಚ್ಚರವಾಯಿತು, ಅದು ಕನಸು”, “ಎಲ್ಲರೂ ಖುಷಿಯಾಗಿದ್ದರು”, ಮತ್ತು “ನೀತಿ”. ನೀತಿಯ ಸಾಲನ್ನು ಕೇಳುವುದು ನಾವೇ, ಆದ್ದರಿಂದ ನಿಲ್ಲಿಸಬೇಕಾದವರೂ ನಾವೇ. ಕೊನೆಗೆ ನೀತಿ ಬೇಕೆಂದು ಗೊತ್ತಾದ ಮಗು ಆ ನೀತಿಗೆ ತಕ್ಕಂತೆ ಕಥೆಯನ್ನು ಬಗ್ಗಿಸುತ್ತದೆ, ತಾನು ಕಂಡದ್ದನ್ನು ಬಿಡುತ್ತದೆ. ಬದಲಾಗಿ “ಆ ದಿನದಿಂದ ನೀನು ಏನನ್ನು ಬೇರೆ ಥರ ಮಾಡುತ್ತೀ?” ಎಂದು ಕೇಳಿ. “ಈಗ ಸ್ನಾನಕ್ಕೆ ಹೋದರೆ ಚಿಲಕವನ್ನು ಅರ್ಧ ಮಾತ್ರ ಹಾಕುತ್ತೇನೆ” ಎಂಬಂಥ ಉತ್ತರ ಬಂದರೆ ಮುಕ್ತಾಯ ಸಿಕ್ಕಿತು.

9. ತಪ್ಪು ತಿದ್ದುವುದು ಬೇರೆ ದಿನ

ಕಾಗುಣಿತ, ವಿರಾಮಚಿಹ್ನೆ, ಆಡುರೂಪ – ಇವೆಲ್ಲ ಈಗ. ‘ಹೋದ್ವಿ’ ನಿರೂಪಣೆಯಲ್ಲಿದ್ದರೆ ‘ಹೋದೆವು’ ಆಗಲಿ, ಮಾತಿನೊಳಗಿದ್ದರೆ ಹಾಗೇ ಇರಲಿ. ಒಂದು ಕಥೆಯಲ್ಲಿ ಎರಡು ಮೂರು ಬಗೆಯ ತಪ್ಪು ಮಾತ್ರ ಆರಿಸಿಕೊಳ್ಳಿ, ಅದೂ ನೀವು ಈಗಾಗಲೇ ಕಲಿಸಿದ್ದರಲ್ಲಿ. ಇಡೀ ಹಾಳೆ ಕೆಂಪು ಮಾಡಿ ಕೊಟ್ಟರೆ ಮಗು ಕಲಿಯುವುದು ಒಂದೇ: ಕಡಿಮೆ ಬರೆದರೆ ಕಡಿಮೆ ತಪ್ಪು.

ಹೇಳಿಕೆಯ ಕ್ರಮವೂ ಮುಖ್ಯ. ಮೊದಲು ಕಥೆಗೆ ಉತ್ತರ ಕೊಡಿ: “ಕೈ ಜಾರಿದ ಕಡೆ ನನಗೂ ಗಾಬರಿಯಾಯಿತು.” ಆಮೇಲೆ ಒಂದು ಪ್ರಶ್ನೆ. ಕೊನೆಗೆ ತಪ್ಪು. ದೊಡ್ಡ ತರಗತಿಯಲ್ಲಿ ದಿನಕ್ಕೆ ಐದಾರು ಮಕ್ಕಳ ಪಕ್ಕ ಎರಡೆರಡು ನಿಮಿಷ ಕೂತು ಮಾತಾಡಿ. ಎಲ್ಲರ ಹಾಳೆಯನ್ನೂ ಮನೆಗೆ ಒಯ್ದು ತಿದ್ದುವುದಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

10. ಓದಿ ಕೇಳಿಸುವುದು

ಬರೆದವರೇ ಓದಲಿ. ಕೇಳಿದವರು ಎರಡೇ ಮಾತು ಹೇಳಬೇಕು: “ನನಗೆ ಇಂಥದ್ದು ಕಣ್ಣಿಗೆ ಕಂಡಿತು”, “ನನಗೆ ಇಂಥದ್ದು ಗೊತ್ತಾಗಲಿಲ್ಲ”. “ಚೆನ್ನಾಗಿದೆ” ಎಂಬ ಹೇಳಿಕೆಗೆ ಅವಕಾಶವಿಲ್ಲ, ಅದರಿಂದ ಬರೆದವರಿಗೆ ಏನೂ ಸಿಗುವುದಿಲ್ಲ. ಓದಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ.

ಸಿಕ್ಕಿಕೊಳ್ಳುವ ಮಕ್ಕಳು

“ನನಗೇನೂ ಆಗೇ ಇಲ್ಲ” ಎನ್ನುವವರಿಗೆ ಪ್ರಶ್ನೆ ಬದಲಿಸಿ. ಏನು ಕಳೆದುಹೋಗಿತ್ತು? ಎಲ್ಲಿ ಗಾಯವಾಯಿತು? ಯಾವುದನ್ನು ಮುಚ್ಚಿಟ್ಟಿದ್ದೆ? ಮೈಮೇಲಿರುವ ಒಂದು ಗಾಯದ ಕಲೆಗೂ ಕಥೆಯಿರುತ್ತದೆ.

ಅಕ್ಷರ ಇನ್ನೂ ಕಷ್ಟವಾದವರು ಹೇಳಲಿ, ನೀವು ಬರೆದುಕೊಳ್ಳಿ. ಅವರ ಮಾತನ್ನೇ ಬರೆಯಿರಿ, ಸುಧಾರಿಸಬೇಡಿ. ಓದಿ ಹೇಳಿದಾಗ ‘ಇದು ನಂದೇ’ ಅನ್ನಿಸಬೇಕು. ಕೊನೆಯ ಒಂದು ವಾಕ್ಯ ಮಾತ್ರ ಅವರ ಕೈಯಲ್ಲಿ ಬರೆಸಿ, ಮುಂದಿನ ಕಥೆಯಲ್ಲಿ ಎರಡು.

ನೋಡಿದ ಕಾರ್ಟೂನನ್ನೇ ಬರೆಯುವವರಿಂದ ನಾಯಕನನ್ನು ಕಿತ್ತುಕೊಳ್ಳಬೇಡಿ. ಆ ನಾಯಕ ಮಗುವಿನ ಮನೆಗೆ ಬಂದು ಚಪ್ಪಲಿಯ ಒಂದು ಕಾಲು ಹುಡುಕಬೇಕಾಗಿ ಬಂದರೆ ಏನಾಗುತ್ತದೆ ಎಂದು ಕೇಳಿ. ಮುಗಿಯದ ಯುದ್ಧಗಳನ್ನು ಬರೆಯುವವರಿಗೆ ಇಬ್ಬರೇ ಪಾತ್ರ, ಒಂದೇ ತೊಂದರೆ ಎಂಬ ಮಿತಿ ಹಾಕಿ.

ಮಗು ಮನೆಯ ನೋವಿನ ಸಂಗತಿ ಬರೆದರೆ ಅದನ್ನು ಎಲ್ಲರ ಮುಂದೆ ಓದಿಸಬೇಡಿ, ಕಾಗುಣಿತ ತಿದ್ದಲೂ ಹೋಗಬೇಡಿ. ಬೇರೆಯಾಗಿ ಕೂತು ಕೇಳಿ. ಮಗು ಅಪಾಯದಲ್ಲಿದೆ ಅನ್ನಿಸಿದರೆ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರಿಗೆ ಅಂದೇ ತಿಳಿಸಿ.

ಎಷ್ಟು ನಿರೀಕ್ಷಿಸಬೇಕು?

ಆರೇಳು ವರ್ಷಕ್ಕೆ ಚಿತ್ರ ಮತ್ತು ಕ್ರಮ ತಪ್ಪದ ಮೂರು ವಾಕ್ಯ. ಎಂಟರ ಹೊತ್ತಿಗೆ ಆರೆಂಟು ವಾಕ್ಯ, ಅದರಲ್ಲಿ ಒಂದು ಅಡ್ಡಿ, ಒಂದು ಮಾತು. ಒಂಬತ್ತು ಹತ್ತಕ್ಕೆ ಸುಮಾರು ಒಂದು ಪುಟ. ಜಾಗ ಅಥವಾ ಹೊತ್ತು ಬದಲಾದಾಗ ಹೊಸ ಪ್ಯಾರಾ. ಇವು ಅಂದಾಜು ಮಾತ್ರ, ಪಕ್ಕದ ಮಗುವಿನೊಂದಿಗೆ ಹೋಲಿಸಲು ಅಲ್ಲ. ಹೋಲಿಸಲೇಬೇಕೆಂದರೆ ಮಗುವಿನ ಹಳೆಯ ಹಾಳೆಯೊಂದಿಗೆ ಹೋಲಿಸಿ: ಪ್ರತಿ ಕರಡಿಗೂ ದಿನಾಂಕ ಹಾಕಿಸಿ ಫೈಲಿನಲ್ಲಿಡಿ, ನಾಲ್ಕು ತಿಂಗಳ ನಂತರ ಮೊದಲನೆಯದನ್ನೂ ಇತ್ತೀಚಿನದನ್ನೂ ಅಕ್ಕಪಕ್ಕ ಇಟ್ಟು, ಯಾವುದರಲ್ಲಿ ಎಷ್ಟು ‘ಆಮೇಲೆ’ ಇವೆ ಎಂದು ಮಗುವಿನಿಂದಲೇ ಎಣಿಸಿಸಿ.